ಹಾಲಿಸ್ ವೀಲಾಕ್ ತನ್ನನ್ನೇ ವಿರೋಧಿಸಿದ್ದು

ನಮ್ಮೂರಿನ ಹೆಸರು ಈಸ್ಟ್ ಟ್ಯಾನ್ಸಿ. ವೆಸ್ಟ್ ಟ್ಯಾನ್ಸಿ ಎಂಬ ಊರು ವರ್ಮಾಂಟ್ ರಾಜ್ಯದಲ್ಲಿ ಎಲ್ಲೂ ಇಲ್ಲ. ಇದ್ದಿದ್ದರೆ ಅದರ ಜೊತೆ ನಮಗೆ ಜಗಳ ಇರುತ್ತಿತ್ತು, ಆ ಜಗಳವನ್ನು ಹೇಗೆ ಆಡಬೇಕು ಎಂಬ ಬಗ್ಗೆ ಊರಸಭೆಯಲ್ಲಿ ಇನ್ನೊಂದು ಜಗಳ ಇರುತ್ತಿತ್ತು.

ಊರಸಭೆ ಎಂದರೆ ಮಾರ್ಚ್ ತಿಂಗಳ ಮೊದಲ ಮಂಗಳವಾರ. ಅವತ್ತು ಊರಿನ ಮತದಾರರೆಲ್ಲ ಚರ್ಚಿನ ಪಕ್ಕದ ಸಭಾಭವನದಲ್ಲಿ ಕೂತು, ಇಡೀ ವರ್ಷದ ರಸ್ತೆ, ಹಿಮ, ನಾಯಿ, ಸ್ಮಶಾನ ಎಲ್ಲವನ್ನೂ ನಾವೇ ತೀರ್ಮಾನ ಮಾಡುತ್ತೇವೆ. ಚರ್ಚು ಒಂದು ಕಡೆ, ಚರ್ಚೆ ಒಂದು ಕಡೆ. ನಡುವೆ ದಪ್ಪ ಗೋಡೆ ಇರುವುದರಿಂದ ದೇವರಿಗೆ ಅಷ್ಟೇನೂ ತೊಂದರೆಯಿಲ್ಲ. ಈ ಸಭೆಯ ಅಧ್ಯಕ್ಷತೆ ಬಹಳ ವರ್ಷಗಳಿಂದ ನನ್ನದು. ಅದಕ್ಕೂ ಮೊದಲು ಶಾಲೆಯ ಬಸ್ಸು ಓಡಿಸುತ್ತಿದ್ದೆ. ಎರಡೂ ಒಂದೇ ಕೆಲಸ. ಬಸ್ಸಿನಲ್ಲಿ ಕನ್ನಡಿ ಇತ್ತು, ಇಲ್ಲಿ ಮರದ ಸುತ್ತಿಗೆ ಇದೆ.

ಈ ಸಲದ ಸಭೆಯ ಮೇಲೆ ಬದುಕೇ ನಿಂತಿದ್ದವಳು ವರ್ನಾ ಸ್ಟಿಕ್ನಿ. ಸಾಮಿಲ್ ಹಳ್ಳದ ಆಚೆ ದಡದಲ್ಲಿ ಅವಳದೊಂದು ಆಲೆಮನೆ ಇದೆ. ಕಬ್ಬಿನದಲ್ಲ, ಮೇಪಲ್ ಮರದ್ದು. ಮರದಿಂದ ಇಳಿದ ರಸವನ್ನು ಅಲ್ಲೇ ಕುದಿಸಿ ಪಾಕ ಮಾಡುತ್ತಾಳೆ, ಆಲೆಮನೆಗೆ ಅಂಟಿಕೊಂಡ ಅಂಗಡಿಯಲ್ಲಿ ಆ ಪಾಕವನ್ನು ಪ್ಯಾನ್‌ಕೇಕಿನ ಮೇಲೆ ಸುರಿದು ಬಡಿಸುತ್ತಾಳೆ. ಈಚೆ ದಡದಿಂದ ಅಲ್ಲಿಗೆ ಹೋಗಲು ಇರುವುದು ಒಂದು ಮುದಿ ಸೇತುವೆ. ಹೋದ ವರ್ಷ ತಪಾಸಣೆಗೆ ಬಂದವರು ಅದರ ಕೆಳಗೆ ಬಗ್ಗಿ ನೋಡಿ, ಲೊಚಗುಟ್ಟಿ, ಭಾರದ ಗಾಡಿ ಬರಕೂಡದು ಎಂದು ಫಲಕ ನೆಟ್ಟು ಹೋದರು. ಅವತ್ತಿನಿಂದ, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಒಲೆಗೆ ಎಣ್ಣೆ ತರುವ ಲಾರಿ ಆಚೆ ದಡ ಮುಟ್ಟಿಲ್ಲ. ಈ ಬೇಸಿಗೆಯಲ್ಲಿ ರಿಪೇರಿ ಆಗದಿದ್ದರೆ ಸೇತುವೆಯನ್ನೇ ಮುಚ್ಚುವುದೆಂದು ತೀರ್ಮಾನವಾಗಿತ್ತು. ಆಮೇಲೆ ಉಳಿಯುವುದು ಗುಡ್ಡ ಸುತ್ತಿ ಬರುವ ಮಣ್ಣಿನ ದಾರಿ. ಹಿಮ ಕರಗುವ ಕಾಲದಲ್ಲಿ ಆ ದಾರಿಗೆ ಇಳಿದ ಕಾರು ಮೇ ತಿಂಗಳಿಗೆ ಈಚೆ ಬರುತ್ತದೆ. ಪಾಕದ ಕಾಲವೂ ಅದೇ, ಕೆಸರಿನ ಕಾಲವೂ ಅದೇ. ರಿಪೇರಿಗೆ ಊರಸಭೆ ಹಣ ಮಂಜೂರು ಮಾಡದಿದ್ದರೆ ವರ್ನಾಳ ಬಾಗಿಲು ಬಂದ್.

ಅದಕ್ಕೇ ಅವಳು ಊರಿನ ಇಬ್ಬರು ದೊಡ್ಡ ಬಾಯಿಗಳನ್ನು ಹಿಡಿದಳು.

ಹಾಲಿಸ್ ವೀಲಾಕ್, ರೂಬೆನ್ ಆಲ್ಡ್ರಿಚ್ ಎಂದರೆ ಟೀವಿ ನೋಡುವ ದೇಶಕ್ಕೆಲ್ಲ ಗೊತ್ತು. ಸಂಜೆಯ ಕಾರ್ಯಕ್ರಮದಲ್ಲಿ ಪರದೆಯನ್ನು ಎರಡು ಹೋಳು ಮಾಡಿ, ಬಲಕ್ಕೆ ಹಾಲಿಸ್‌ನನ್ನೂ ಎಡಕ್ಕೆ ರೂಬೆನ್‌ನನ್ನೂ ಕೂರಿಸುತ್ತಾರೆ. ಹಾಲಿಸ್ ಬಲಪಂಥದವನು, ಹೇಳಿದ್ದನ್ನೆಲ್ಲ ಬಲವಂತವಾಗಿ ಹೇಳುತ್ತಾನೆ. ರೂಬೆನ್ ಎಡಪಂಥದವನು, ಎಡಬಿಡದೆ ಹೇಳುತ್ತಾನೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವುದು ನಮಗೆ ಗಾದೆ, ಅವರಿಗೆ ಸಂಬಳ. ಬಾಯಿಗೆ ಬಂದದ್ದೆಲ್ಲ ನೇರ ಬ್ಯಾಂಕಿಗೆ ಬರುತ್ತದೆ. ದೇಶಕ್ಕೆ ಗೊತ್ತಿಲ್ಲದ್ದು ಒಂದೇ: ಇಬ್ಬರೂ ಕ್ಯಾಮರಾ ಇಟ್ಟುಕೊಂಡು ಕೂರುವುದು ಈಸ್ಟ್ ಟ್ಯಾನ್ಸಿಯ ಅಕ್ಕಪಕ್ಕದ ಎರಡು ನೆಲಮಾಳಿಗೆಗಳಲ್ಲಿ, ನಡುವೆ ಒಂದು ಬೇಲಿ. ಸಂಜೆ ಒಬ್ಬನನ್ನೊಬ್ಬ ದೇಶದ್ರೋಹಿ ಎನ್ನುತ್ತಾರೆ. ಬೆಳಿಗ್ಗೆ ವರ್ನಾಳ ಅಂಗಡಿಯಲ್ಲಿ ಒಂದೇ ಮೇಜಿಗೆ ಕೂತು ಒಬ್ಬ ಪತ್ರಿಕೆಯ ಕ್ರೀಡಾಪುಟ ಓದಿದರೆ ಇನ್ನೊಬ್ಬ ಹವಾಮಾನ ಓದುತ್ತಾನೆ.

ಆ ಕಸುಬಿನ ಒಂದು ಪದ್ಧತಿಯನ್ನು ಮಾತ್ರ ಹೇಳಿಬಿಡಬೇಕು. ಕಾರ್ಯಕ್ರಮದ ಹೊತ್ತಿಗೆ ಅವರ ಕಿವಿಯಲ್ಲೊಂದು ಪುಟ್ಟ ಯಂತ್ರ ಇರುತ್ತದೆ. ಅದರೊಳಗಿಂದ ನ್ಯೂಯಾರ್ಕಿನ ಹೆಂಗಸೊಬ್ಬಳು, ಎದುರಾಳಿ ಬಾಯಿ ತೆರೆದ ಕೂಡಲೇ "ಬೀಳು ಅವನ ಮೇಲೆ!" ಎಂದು ಕೂಗುತ್ತಾಳೆ. ಮಾತು ಮುಗಿಯಲು ಬಿಟ್ಟರೆ ನೋಡುವವರು ಚಾನೆಲ್ ಬದಲಿಸುತ್ತಾರಂತೆ. ವರ್ಷಾನುಗಟ್ಟಲೆ ಹೀಗೆ ಬಿದ್ದು ಬಿದ್ದು ಹಾಲಿಸ್‌ಗೆ ಯಂತ್ರವಿಲ್ಲದೆಯೂ ಬೀಳುವ ಅಭ್ಯಾಸ ಆಗಿತ್ತು.

"ಮಂಗಳವಾರ ಒಂದು ದಿನ ಕಚ್ಚಾಡಬೇಡ್ರಪ್ಪಾ," ಎಂದಳು ವರ್ನಾ, ಕಾಫಿ ಸುರಿಯುತ್ತ. ನಾನು ಪಕ್ಕದ ಮೇಜಿನಲ್ಲಿ ನನ್ನ ಪಾಡಿಗೆ ತಿನ್ನುತ್ತಿದ್ದೆ. "ಹಾಲಿಸ್, ನೀನು ಪ್ರಸ್ತಾವ ಇಡು. ರೂಬೆನ್, ನೀನು ಅನುಮೋದಿಸು. ನೀವಿಬ್ರೂ ಒಂದೇ ಮಾತು ಆಡಿದ್ರೆ ಊರಲ್ಲಿ ಇನ್ಯಾರೂ ಉಸಿರೆತ್ತಲ್ಲ."

"ಇವನ ಪಕ್ಕ ನಾನು ನಿಂತ್ಕೊಳೋದಾ?" ಎಂದ ಹಾಲಿಸ್. "ನನ್ನ ಅಭಿಮಾನಿಗಳು ಏನಂತಾರೆ?"

"ನಿನ್ನ ಅಭಿಮಾನಿಗಳು ನಿನಗೆ ಪ್ಯಾನ್‌ಕೇಕ್ ಮಾಡಿ ಹಾಕ್ತಾರೇನೋ?"

"ಇಲ್ಲ."

"ಹಾಗಾದ್ರೆ ಬಾಯ್ಮುಚ್ಕೊಂಡು ತಿನ್ನು."

"ಬಾಯ್ಮುಚ್ಕೊಂಡು ಹೆಂಗೆ ತಿಂತಾನೆ ವರ್ನಾ?" ಎಂದ ರೂಬೆನ್. "ಬಾಯಿ ತೆಗೆಯೋದು ಒಂದೇ ಅವನಿಗೆ ಗೊತ್ತಿರೋದು."

"ಅದು ಶುದ್ಧ ತಪ್ಪು!" ಎಂದ ಹಾಲಿಸ್, ತುಂಬಿದ ಬಾಯಲ್ಲೇ. ಪಾಕ ಗಡ್ಡಕ್ಕೆ ಇಳಿಯಿತು.

ಇಬ್ಬರೂ ಒಪ್ಪಿದರು. ವರ್ನಾ ಖುಷಿಯಿಂದ ಇಬ್ಬರಿಗೂ ಇನ್ನೊಂದೊಂದು ಹಾಕಿದಳು. ಅಧ್ಯಕ್ಷರು ಯಾವ ಕಡೆಗೂ ವಾಲಬಾರದು ಎಂಬುದು ನಿಯಮ, ಆದ್ದರಿಂದ ನಾನು ಏನೂ ಹೇಳಲಿಲ್ಲ. ನನ್ನ ಹೊಟ್ಟೆ ಮಾತ್ರ ಆಗಲೇ ಪಕ್ಷ ಸೇರಿಬಿಟ್ಟಿತ್ತು.

ಮಂಗಳವಾರ ಸಭಾಭವನ ತುಂಬಿತ್ತು. ಹಿಂದಿನ ಅಡುಗೆಕೋಣೆಯಿಂದ ಬೀನ್ಸ್ ಕಾಳು ಬೇಯುವ ವಾಸನೆ, ಮುಂದಿನ ಸಾಲಿನಲ್ಲಿ ಹೆಣಿಗೆಯ ಕಡ್ಡಿಗಳ ಟಿಕಟಿಕ. ಗ್ರಂಥಾಲಯಕ್ಕೆ ಹುಲ್ಲು ಕತ್ತರಿಸುವ ಯಂತ್ರ ಹೊಸದು ಬೇಕೋ ಹಳೆಯದು ಸಾಕೋ ಎಂಬುದರ ಮೇಲೆ ಅರ್ಧ ಬೆಳಗು ಕಳೆಯಿತು. ಹಳೆಯದೇ ಸಾಕು ಎಂದಾಯಿತು. ಆಮೇಲೆ ಸೇತುವೆಯ ಸರದಿ. ವರ್ನಾ ಹಿಂದಿನ ಬಾಗಿಲ ಬಳಿ ಕಾಫಿ ಕೆಟಲ್ ಹಿಡಿದು ನಿಂತಿದ್ದಳು. ಕೆಟಲಿನ ಮುಚ್ಚಳ ಕಟಕಟ ಎನ್ನುತ್ತಿತ್ತು.

ಸೇತುವೆಗೆ ವಿರೋಧ ಇದ್ದದ್ದು ಒಬ್ಬನದೇ, ಆರ್ಲೋ ಬೆಡೆಲ್‌ನದು. ಅವನು ಗುಡ್ಡದ ದಾರಿಯಲ್ಲಿ ಹಸು ಸಾಕಿಕೊಂಡಿರುವವನು. ತನ್ನ ರಸ್ತೆಯ ಗುಂಡಿ ಮುಚ್ಚಿದ ಮೇಲೆ ಮಿಕ್ಕವರ ಸೇತುವೆ ಎನ್ನುವುದು ಅವನ ವಾದ. ನ್ಯಾಯವಾದ ವಾದವೇ. ಮಾತಾಡಬೇಕೆಂದು ಒಳ್ಳೆಯ ಅಂಗಿ ಹಾಕಿಕೊಂಡು ಬಂದಿದ್ದ.

ಹಾಲಿಸ್ ಎದ್ದು ಪ್ರಸ್ತಾವ ಇಟ್ಟ. ಚೆನ್ನಾಗಿಯೇ ಇಟ್ಟ. ಆ ಸೇತುವೆಯ ಮೇಲೆ ತಾತನ ಕೈ ಹಿಡಿದು ನಡೆದದ್ದು, ಮೊದಲ ಮೀನು ಹಿಡಿದದ್ದು, ಎಲ್ಲ ಹೇಳಿದ. ಒಂದಿಬ್ಬರು ಮೂಗು ಒರೆಸಿಕೊಂಡರು. ಹಾಲಿಸ್ ಕೂತ.

ರೂಬೆನ್ ಎದ್ದ. "ಅಧ್ಯಕ್ಷರೇ, ನಾನು ಅನುಮೋದಿಸ್ತೀನಿ. ಈ ಸೇತುವೆ ವರ್ನಾ ಒಬ್ಬಳದಲ್ಲ, ಎಲ್ಲರದು. ಎಲ್ಲರೂ ಸೇರಿ, ಎಲ್ಲರಿಗೋಸ್ಕರ ಒಂದು ಕೆಲಸ ಮಾಡೋದಕ್ಕೇ ಸರ್ಕಾರ ಅಂತ ಹೆಸರು..."

ಹಾಲಿಸ್‌ನ ಕಿವಿ ಕೆಂಪಾದದ್ದು ವೇದಿಕೆಯ ಮೇಲಿದ್ದ ನನಗೆ ಕಂಡಿತು. ಮಂಡಿಗಳು ತಮ್ಮಷ್ಟಕ್ಕೆ ತಾವೇ ಎದ್ದವು. ಮಂಡಿಯ ಮೇಲೆ ಹಾಲಿಸ್ ಇದ್ದದ್ದರಿಂದ ಅವನೂ ಏಳಬೇಕಾಯಿತು.

"ಅದು ಶುದ್ಧ ತಪ್ಪು!" ಎಂದು ಗುಡುಗಿದ. "ಇವತ್ತು ಹಳ್ಳಕ್ಕೆ ಸೇತುವೆ ಅಂತೀರಿ, ನಾಳೆ ಚರಂಡಿಗೂ ಬೇಕು ಅಂತೀರಿ, ನಾಡಿದ್ದು ನನ್ನ ಸ್ನಾನದ ತೊಟ್ಟಿಗೂ ಸರ್ಕಾರವೇ ಬಂದು ಸೇತುವೆ ಕಟ್ಟತ್ತೆ! ನಮ್ಮ ಅಜ್ಜಂದಿರು ಹಳ್ಳ ದಾಟೋಕೆ ಸರ್ಕಾರದ ಅಪ್ಪಣೆ ಕೇಳಿದ್ರಾ? ಪ್ಯಾಂಟು ಮಡಚ್ಕೊಂಡು ದಾಟಿದ್ರು! ಸೇತುವೆ ಬೇಕಾದವರು ತಾವೇ ಕಟ್ಕೊಳ್ಳಲಿ! ನನ್ನ ತೆರಿಗೆ ಯಾಕೆ?"

ಹೆಣಿಗೆಯ ಕಡ್ಡಿಗಳು ನಿಂತವು. ಕೆಟಲಿನ ಮುಚ್ಚಳವೂ ನಿಂತಿತು. ಆರ್ಲೋ ಬಾಯಿ ಬಿಟ್ಟುಕೊಂಡು ನೋಡಿದ. ಅವನು ವಾರವೆಲ್ಲ ಕೂಡಿಸಿಕೊಂಡ ಮಾತನ್ನು ಹಾಲಿಸ್ ಬಿಟ್ಟಿಯಾಗಿ, ಅದೂ ಇನ್ನೂ ಚೆನ್ನಾಗಿ ಆಡಿಬಿಟ್ಟಿದ್ದ.

ನಾನು ಸುತ್ತಿಗೆ ಕುಟ್ಟಿದೆ. "ಹಾಲಿಸ್, ಕೂತ್ಕೊ. ಪ್ರಸ್ತಾವ ಇಟ್ಟವರು ಅದರ ವಿರುದ್ಧ ವೋಟ್ ಹಾಕಬಹುದು, ಆದ್ರೆ ಅದರ ವಿರುದ್ಧ ಮಾತಾಡೋ ಹಾಗಿಲ್ಲ. ನಿಯಮ."

"ಪ್ರಸ್ತಾವ ಇಟ್ಟವನಿಗೆ ಹೇಳಿ ಅದನ್ನ!" ಎಂದ ಹಾಲಿಸ್ ಇನ್ನೂ ಬಿಸಿಯಲ್ಲಿ.

"ಹೇಳ್ತಾ ಇದೀನಪ್ಪಾ."

ಹಾಲಿಸ್ ಸುತ್ತ ನೋಡಿದ. ಕೆಳಗೆ ನೋಡಿದ. ಹಿಂದೆ ವರ್ನಾಳ ಕಡೆ ನೋಡುವ ಧೈರ್ಯ ಮಾತ್ರ ಮಾಡಲಿಲ್ಲ. "ಅಯ್ಯೋ," ಎಂದು ಕೂತ.

ಜನ ನಕ್ಕರು, ಆದರೆ ಎಲ್ಲರೂ ಅಲ್ಲ. ಟೀವಿಯಲ್ಲಿ ಹಾಲಿಸ್ ಹೇಳಿದ್ದನ್ನು ಬೆಳಿಗ್ಗೆ ಪೆಟ್ರೋಲ್ ಬಂಕಿನಲ್ಲಿ ತಮ್ಮದೇ ಮಾತು ಎಂಬಂತೆ ಆಡುವವರು ಒಂದಷ್ಟು ಜನ ಬಲಗೋಡೆಯ ಬಳಿ ಕೂತಿದ್ದರು. ಅವರ ಕೈಗಳು ಎದೆಯ ಮೇಲೆ ಕಟ್ಟಿಕೊಂಡವು. ರೂಬೆನ್‌ನ ಮಾತನ್ನು ಹಾಗೆಯೇ ಆಡುವವರು ಅವರ ಕಡೆ ದುರುಗುಟ್ಟಿದರು. ಎಡದಂಡೆ ಬಲದಂಡೆ ಇರುವುದು ಹಳ್ಳಕ್ಕೆ. ಅವತ್ತಿನವರೆಗೆ ಸೇತುವೆಗೆ ಇದ್ದದ್ದು ಈಚೆ ಆಚೆ ಮಾತ್ರ. ಹಾಲಿಸ್ ಮಾಡಿದ ಎಡವಟ್ಟಿನಿಂದ ಅದಕ್ಕೂ ಒಂದು ಪಕ್ಷ ಬಂದುಬಿಟ್ಟಿತು. ಎದ್ದು ಮಾತಾಡಿದವರೆಲ್ಲ ಸರ್ಕಾರ, ಸ್ವಾತಂತ್ರ್ಯ, ಸಂವಿಧಾನ ಎಂದರು. ಹಲಗೆ, ಮೊಳೆ ಎಂದವರು ಯಾರೂ ಇಲ್ಲ. ಈ ಬಿಸಿಯಲ್ಲಿ ವೋಟಿಗೆ ಹಾಕಿದರೆ ಸೇತುವೆ ಅಲ್ಲೇ ಮುರಿದು ಬೀಳುತ್ತದೆ ಎನ್ನಿಸಿತು. ಅದೃಷ್ಟಕ್ಕೆ ಊಟದ ಗಂಟೆ ಆಗಿತ್ತು. ನಾನು ಸುತ್ತಿಗೆ ಕುಟ್ಟಿ ಸಭೆಯನ್ನು ಬೀನ್ಸ್ ಕಾಳಿಗೆ ಬಿಟ್ಟೆ.

ಊಟ ಮನೆಮನೆಯಿಂದ ಬಂದದ್ದು, ಸಾಲಿನಲ್ಲಿ ನಿಂತು ಬಡಿಸಿಕೊಳ್ಳುವುದು. ನನ್ನ ಮುಂದೆ ಹಾಲಿಸ್, ಅವನ ಮುಂದೆ ರೂಬೆನ್. ಮೇಜಿನ ಆಚೆ ವರ್ನಾ ಸೌಟು ಹಿಡಿದಿದ್ದಳು.

"ವರ್ನಾ, ಬೈದುಬಿಡು," ಎಂದ ಹಾಲಿಸ್.

"ಬೈಯಲ್ಲ. ತಟ್ಟೆ ಹಿಡಿ."

"ಅವನ ದನಿ ಕಿವಿಗೆ ಬಿದ್ರೆ ನನ್ನ ಮಂಡಿ ತಾನಾಗೇ ಏಳತ್ತೆ ಕಣೇ. ಏನು ಹೇಳ್ತಿದಾನೆ ಅಂತ ಕೇಳಿಸ್ಕೊಳೋದೇ ಇಲ್ಲ ನಾನು."

"ಅದು ನನಗೆ ಮೊದಲಿಂದ್ಲೂ ಗೊತ್ತು," ಎಂದ ರೂಬೆನ್.

"ಅದು ಶುದ್ಧ..."

"ಸಾಕು!" ಎಂದಳು ವರ್ನಾ. "ನಿಮಗಿದು ಆಟ. ಎಣ್ಣೆಯವನು ಈಚೆ ದಡದಲ್ಲಿ ಲಾರಿ ನಿಲ್ಲಿಸಿ, ಡಬ್ಬದಲ್ಲಿ ಹೊತ್ತು ತಂದು ಹಾಕ್ತಾ ಇದಾನೆ, ಅದೂ ಪಾಪ ಅಂತ. ಮುಂದಿನ ಚಳಿಗೆ ಬರಲ್ಲ ಅಂದಿದಾನೆ. ನಮ್ಮಮ್ಮ ಸತ್ತ ದಿನ ಬಿಟ್ಟು ಬೇರೆ ಯಾವತ್ತೂ ನನ್ನ ಒಲೆ ಆರಿಲ್ಲ. ಈಗ ನಿನ್ನ ಮಂಡಿಯಿಂದ ಆರತ್ತೆ."

ಹಾಲಿಸ್ ತಟ್ಟೆ ಹಿಡಿದುಕೊಂಡು ಮೂಲೆಗೆ ಹೋಗಿ, ಗೋಡೆಗೆ ಮುಖ ಮಾಡಿ ಕೂತ. ರೂಬೆನ್ ಅಲ್ಲೇ ಉಳಿದ. ವರ್ನಾ ಅವನ ಮುಖವನ್ನೇ ನೋಡಿದಳು. ನೋಡುತ್ತ ನೋಡುತ್ತ ಅವಳ ಸೌಟು ಗಾಳಿಯಲ್ಲಿ ನಿಂತಿತು.

"ನಿನ್ನ ದನಿಗೆ ಅವನ ಮಂಡಿ ಏಳತ್ತೆ," ಎಂದಳು.

"ಹೂಂ."

"ನೀನು ಬೇಕು ಅಂದ್ರೆ ಅವನು ಬೇಡ ಅಂತಾನೆ."

"ಹೂಂ... ಏ, ಇಲ್ಲ. ಇಲ್ಲ ವರ್ನಾ. ಸೇತುವೆ ಬೇಡ ಅಂತ ನಾನು ಹೇಳೋದಾ? ಬೆಳಿಗ್ಗೆ ಬೇಕು ಅಂದವನು? ನನ್ನ ಹೆಸರೇನಾಗ್ಬೇಕು?"

"ನಿನ್ನ ಹೆಸರು ಗಟ್ಟಿಮುಟ್ಟಾಗಿದೆ. ನನ್ನ ಸೇತುವೆ ಇಲ್ಲ."

ರೂಬೆನ್ ನನ್ನ ಕಡೆ ತಿರುಗಿದ. "ಅಧ್ಯಕ್ಷರೇ, ಅನುಮೋದಿಸಿದವನು ವಿರುದ್ಧ ಮಾತಾಡಬಹುದಾ?"

"ಮಾತಾಡಬಹುದು," ಎಂದೆ. "ಇಟ್ಟವನಿಗಷ್ಟೇ ಬಾಯಿಗೆ ಬೀಗ. ನೀವೇನು ಮಾತಾಡ್ಕೊತಿದೀರೋ ನನಗಂತೂ ಕೇಳಿಸಿಲ್ಲ. ಬೀನ್ಸ್ ಇನ್ನೊಂದು ಸೌಟು ಹಾಕೇ ವರ್ನಾ."

ಊಟದ ಮೇಲೆ ಸಭೆ ಸೇರಿತು. ಹೊಟ್ಟೆ ತುಂಬಿದವರ ಕೈಗಳು ಎದೆಯ ಮೇಲೆ ಕಟ್ಟಿಕೊಳ್ಳಲು ಇನ್ನೂ ಅನುಕೂಲವಾಗಿತ್ತು. ರೂಬೆನ್ ಎದ್ದು ಕೆಮ್ಮಿದ.

"ಅಧ್ಯಕ್ಷರೇ, ಊಟದ ಹೊತ್ತಲ್ಲಿ ನಾನು ಯೋಚನೆ ಮಾಡಿದೆ. ಈ ಸೇತುವೆ ಬೇಡ."

ಸಭೆ ಒಂದೇ ಉಸಿರನ್ನು ಒಳಗೆ ಎಳೆದುಕೊಂಡಿತು. ರೂಬೆನ್‌ಗೆ ಕಸುಬು ಗೊತ್ತಲ್ಲ, ಶುರು ಮಾಡಿದ ಮೇಲೆ ಕಾವು ತಾನಾಗಿ ಏರಿತು. "ಮೀನುಗಳನ್ನ ಯಾರಾದ್ರೂ ಕೇಳಿದೀರಾ? ಕೇಳಿಲ್ಲ! ಸಿಮೆಂಟು, ಜಲ್ಲಿ, ಲಾರಿ ಹೊಗೆ, ಇದೆಲ್ಲ ಆ ಮೂಕಪ್ರಾಣಿಗಳ ತಲೆ ಮೇಲೆ ಯಾಕೆ? ಹಳ್ಳ ತನ್ನ ಪಾಡಿಗೆ ತಾನು ಹರೀಲಿ. ಪ್ಯಾನ್‌ಕೇಕ್ ಬೇಕಾದವರು ಕಲ್ಲಿಂದ ಕಲ್ಲಿಗೆ ಹಾರ್ಕೊಂಡು ಹೋಗ್ಲಿ. ತಿಂದದ್ದು ಕರಗತ್ತೆ!"

ಹಾಲಿಸ್ ಎರಡೂ ಕೈಯಲ್ಲಿ ಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಈ ಸಲ ಏಳುವುದಿಲ್ಲ ಎಂದು ಅವನು ಗೋಡೆಗೆ ಮುಖ ಮಾಡಿ ಶಪಥ ಮಾಡಿದ್ದಿರಬೇಕು. ಆದರೆ ಮಂಡಿ ಶಪಥ ಮಾಡಿರಲಿಲ್ಲ. ಕುರ್ಚಿಯ ಸಮೇತ ಎದ್ದ.

"ಅದು ಶುದ್ಧ ತಪ್ಪು! ಮೀನಿಗೆ ವೋಟಿಲ್ಲ, ವರ್ನಾಗೆ ಇದೆ! ಸೂರ್ಯ ಹುಟ್ಟೋ ಮುಂಚೆ ಎದ್ದು ಬೆಂಕಿ ಹಚ್ಚಿ, ತನ್ನ ಅನ್ನ ತಾನು ದುಡಿಯೋ ಹೆಂಗಸು ಅವಳು. ಯಾರ ಹತ್ರನೂ ಕೈಚಾಚಿಲ್ಲ. ಅವಳ ಮನೆಗೆ ಎಣ್ಣೆ ಲಾರಿ ಬರಬಾರದಾ? ದುಡಿಯೋರಿಗೆ ದಾರಿ ಬಿಡೋದಕ್ಕೇ ಕಣ್ರೀ ಸ್ವಾತಂತ್ರ್ಯ ಅನ್ನೋದು! ಆ ಸೇತುವೆ ಮುಚ್ಚಬೇಕಾದ್ರೆ..."

ಅಲ್ಲಿ ತಡೆದ. ರೂಬೆನ್‌ನ ಕಡೆ ನೋಡಿದ. ರೂಬೆನ್ ತೀರಾ ಮುಗ್ಧನಂತೆ ಸೂರು ನೋಡುತ್ತಿದ್ದ. ಹಾಲಿಸ್‌ಗೆ ಎಲ್ಲ ಅರ್ಥವಾಯಿತು. ನಿಧಾನವಾಗಿ ಕುರ್ಚಿಯನ್ನು ಕೆಳಗಿಟ್ಟು, ಮೀಸೆಯಲ್ಲೇ ನಕ್ಕು, "...ನನ್ನ ಹೆಣದ ಮೇಲೆ ಮುಚ್ಚಬೇಕು!" ಎಂದು ವಾಕ್ಯ ಮುಗಿಸಿದ. ಆ ವಾಕ್ಯವನ್ನು ಅವನು ಬೇಕೆಂದೇ ಹೇಳಿದ್ದು. ಇಷ್ಟು ವರ್ಷದಲ್ಲಿ ಅದೇ ಮೊದಲು ಇರಬಹುದು.

ಹಾಲಿಸ್‌ನ ಕಡೆಯವರು ಎದೆಯಿಂದ ಕೈ ಬಿಚ್ಚಿ ಚಪ್ಪಾಳೆ ಹೊಡೆದರು. ಆದರೆ ವರ್ನಾಳ ಉಪಾಯದಲ್ಲಿ ಒಂದು ತೂತಿತ್ತು. ಈಗ ರೂಬೆನ್‌ನ ಕಡೆಯವರು ಮೀನುಗಳ ಬಗ್ಗೆ ಯೋಚಿಸುತ್ತ ಕೈ ಕಟ್ಟತೊಡಗಿದರು. ವರ್ನಾ ಕೆಟಲನ್ನು ಎದೆಗೆ ಅವಚಿಕೊಂಡಳು.

ಮುಂದಿನ ಸಾಲಿನಲ್ಲಿ ಕಾಲುಚೀಲ ಹೆಣೆಯುತ್ತಿದ್ದ ಅಜ್ಜಿಯೊಬ್ಬರು ಎದ್ದರು. "ಅಧ್ಯಕ್ಷರೇ, ಬೆಳಿಗ್ಗೆ ಆ ಮಹಾಶಯ ಬೇಡ ಅಂದ, ಈ ಮಹಾಶಯ ಬೇಕು ಅಂದ. ಈಗ ಈತ ಬೇಡ ಅಂತಾನೆ, ಆತ ಬೇಕು ಅಂತಾನೆ. ಇಬ್ಬರೂ ಎರಡೂ ಹೇಳಿಬಿಟ್ರು. ನಾವೀಗ ಯಾರ ಹಿಂದೆ ಹೋಗೋದು?"

"ಯಾರ ಹಿಂದೂ ಬೇಡ ಅಜ್ಜೀ," ಎಂದೆ. "ಇಲ್ಲಿ ಇನ್ಯಾರಿಗಾದ್ರೂ ಸೇತುವೆ ಬಗ್ಗೆ ಏನಾದ್ರೂ ಕೇಳೋದಿದೆಯಾ? ಸೇತುವೆ ಬಗ್ಗೆ?"

ಎರಡೂ ಕಡೆಯ ಬಾಯಿಗಳು ಖರ್ಚಾಗಿದ್ದವು. ಆಗ ಆರ್ಲೋ, ಒಳ್ಳೆಯ ಅಂಗಿ ಜಗ್ಗಿಕೊಂಡು, ಎದ್ದ.

"ನನ್ನದೊಂದು ಪ್ರಶ್ನೆ. ನಂದು ಯಾವ ಪಂಥನೂ ಅಲ್ಲ, ನಂದು ಗುಂಡಿ. ಈ ಸೇತುವೆಗೆ ದುಡ್ಡು ಕೊಟ್ರೆ ನನ್ನ ರಸ್ತೆ ಗತಿ ಏನು?"

ಹಿಂದಿನಿಂದ ವರ್ನಾ ಮಾತಾಡಿದಳು. ಅವಳು ಸಭೆಯಲ್ಲಿ ಹಿಂದೆಂದೂ ಮಾತಾಡಿದವಳಲ್ಲ. "ಅಧ್ಯಕ್ಷರೇ, ಆರ್ಲೋಗೆ ಹೇಳಿ..."

"ಹೇಳಮ್ಮಾ, ಕೇಳಿಸ್ಕೊತಾನೆ."

"ಸೇತುವೆ ಮುಚ್ಚಿದ್ರೆ ನನ್ನ ಹತ್ರ ಬರೋ ಎಲ್ಲ ಕಾರೂ ಆರ್ಲೋ ಮನೆ ಮುಂದೇನೇ ಬರಬೇಕು. ಡಬ್ಬ ಹೊರೋಕೂ ಸೇತುವೆ ಇರಲ್ಲ, ಎಣ್ಣೆ ಲಾರಿನೂ ಅಲ್ಲೇ ಬರಬೇಕು. ಅದೂ ಕೆಸರಲ್ಲಿ. ಈಗ ಅವನ ರಸ್ತೇಲಿ ಗುಂಡಿ ಇದೆ. ಆಮೇಲೆ ಗುಂಡೀಲಿ ರಸ್ತೆ ಹುಡುಕಬೇಕಾಗತ್ತೆ."

ಆರ್ಲೋ ನಿಂತೇ ಇದ್ದ. ತಲೆ ಕೆರೆದುಕೊಂಡ. ಕಣ್ಣ ಮುಂದೆ ಕಾರುಗಳ ಸಾಲು, ಬೆದರಿದ ಹಸುಗಳು, ಸಿಕ್ಕಿಕೊಂಡ ಲಾರಿಯನ್ನು ಎಳೆಯಲು ಟ್ರ್ಯಾಕ್ಟರ್ ಕೇಳಿಕೊಂಡು ಬಂದವರು ಎಲ್ಲ ಹಾದುಹೋದರೆಂದು ಕಾಣುತ್ತದೆ.

"ಇದನ್ನ ಬೆಳಿಗ್ಗೇನೇ ಹೇಳೋದಲ್ವೇನೇ?" ಎಂದ.

"ಇವರಿಬ್ರೂ ಬಿಟ್ರೆ ತಾನೇ!"

ಅವತ್ತಿನ ದೊಡ್ಡ ನಗು ಅದೇ. ಹಾಲಿಸ್ ರೂಬೆನ್ ಇಬ್ಬರೂ ಸೇರಿಯೇ ನಕ್ಕರು.

ಬಾಯಿ ವೋಟಿನ ಗದ್ದಲ ಬೇಡವೆಂದು ನಾನು ಎಲ್ಲರನ್ನೂ ಎಬ್ಬಿಸಿದೆ. ಬೇಕು ಎನ್ನುವವರು ಕಿಟಕಿಯ ಗೋಡೆಗೆ, ಬೇಡ ಎನ್ನುವವರು ಚಳಿ ಕಾಯಿಸುವ ಒಲೆಯಿರುವ ಗೋಡೆಗೆ. ಕುರ್ಚಿಗಳು ಕಿರಗುಟ್ಟಿದವು. ಆರ್ಲೋ ಮೊದಲು ನಡೆದ, ಕಿಟಕಿಗೆ. ಅಜ್ಜಿ ಕಾಲುಚೀಲದ ಉಣ್ಣೆಯುಂಡೆಯನ್ನು ಎಳೆದುಕೊಂಡು ಕಿಟಕಿಗೆ. ಹಾಲಿಸ್‌ನ ಮಂದಿ, ರೂಬೆನ್‌ನ ಮಂದಿ ಕಲಸಿಹೋಗಿ ಯಾರು ಯಾರೆಂದು ಗೊತ್ತಾಗದಂತೆ ಕಿಟಕಿಗೆ. ಒಲೆಯ ಬಳಿ ಉಳಿದವರು ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬಿಬ್ಬರು ನಿಜವಾಗಿಯೂ ಚಳಿಗೆ ನಿಂತಿದ್ದವರು.

ರೂಬೆನ್ ಬಂದು ಹಾಲಿಸ್‌ನ ಪಕ್ಕ ನಿಂತ.

"ಏನೋ, ಈಗ ತಾನೇ ಬೇಡ ಅಂದೆ?" ಎಂದ ಹಾಲಿಸ್.

"ಅದು ಬಾಯಿ. ಈಗ ನಡೆದು ಬಂದಿರೋದು ಹೊಟ್ಟೆ."

ಹಾಲಿಸ್ ಬಾಯಿ ತೆರೆದ. ಎಲ್ಲರೂ ಕಾದೆವು. "ಅದು..." ಎಂದ. ಯೋಚಿಸಿದ. "ಅದು ಸರಿ," ಎಂದ. ಹೇಳಿದ ಮೇಲೆ ಎಲ್ಲಿಯಾದರೂ ನೋವಾಯಿತೇ ಎಂದು ನೋಡಿಕೊಳ್ಳುವವನಂತೆ ದವಡೆ ಸವರಿಕೊಂಡ.

ಮಂಜೂರು ಎಂದು ನಾನು ಸುತ್ತಿಗೆ ಕುಟ್ಟಿದೆ. ವರ್ನಾ ಕೆಟಲನ್ನು ಕೆಳಗಿಟ್ಟು, ಏಪ್ರನ್ನಿನಿಂದ ಮುಖ ಒರೆಸಿಕೊಂಡು, ಯಾರೋ ಖಾಲಿ ಬಿಟ್ಟ ಕುರ್ಚಿಯಲ್ಲಿ ಧೊಪ್ಪನೆ ಕೂತಳು. ಆರ್ಲೋ ಅವಳ ಮುಂದೆ ಬಂದು ನಿಂತ.

"ನನ್ನ ವೋಟಿಗೆ ಒಂದು ತಟ್ಟೆ ಪ್ಯಾನ್‌ಕೇಕ್ ಬಿಟ್ಟಿ ಸಿಗತ್ತೇನು?"

"ಅದಕ್ಕೆ ಲಂಚ ಅಂತಾರೆ. ಸೇತುವೆ ಬಿಟ್ಟಿ, ಎಷ್ಟು ಸಲ ಬೇಕಾದ್ರೂ ದಾಟು. ಪ್ಯಾನ್‌ಕೇಕಿಗೆ ಕಾಸು ಬಿಚ್ಚು."

"ಪಾಕ ಆದ್ರೂ ಸ್ವಲ್ಪ ಜಾಸ್ತಿ ಹಾಕ್ತೀಯೋ?"

"ಅಯ್ಯಯ್ಯೋ, ಪಾಕ!" ಎಂದು ವರ್ನಾ ಚಂಗನೆ ಎದ್ದಳು. ರಾತ್ರಿ ಹಿಮ ಕಟ್ಟಿ ಹಗಲು ಬಿಸಿಲು ಬಿದ್ದ ದಿನ ಅದು, ಮರಗಳಿಂದ ರಸ ಧಾರಾಕಾರ ಇಳಿಯುವ ದಿನ. ಬೆಳಿಗ್ಗೆಯಿಂದ ಬಕೆಟ್ಟುಗಳು ತುಂಬಿ ಕೂತಿದ್ದವು. ಕೋಟು ಅರ್ಧ ತೊಟ್ಟುಕೊಂಡೇ ಓಡಿದಳು. "ಏ, ಬಕೆಟ್ ಎತ್ತೋಕೆ ಯಾರಾದ್ರೂ ಬನ್ರೋ!" ಎಂದು ಬಾಗಿಲಿಂದ ಕೂಗಿದಳು. ಹಾಲಿಸ್ ರೂಬೆನ್ ಇಬ್ಬರೂ ಒಟ್ಟಿಗೇ ಹೊರಟು, ಬಾಗಿಲಲ್ಲಿ ಒಟ್ಟಿಗೇ ಸಿಕ್ಕಿಕೊಂಡು, ನಾನು ಮೊದಲು ನಾನು ಮೊದಲು ಎಂದು ಜಗಳವಾಡಿ, ಕೊನೆಗೆ ಅಡ್ಡಡ್ಡವಾಗಿ ತೂರಿಕೊಂಡು ಹೋದರು.

ವರ್ನಾಳ ಹಳೆಯ ಗಾಡಿ ಸೇತುವೆಯ ಹಲಗೆಗಳನ್ನು ಕಟಕಟ ಎನ್ನಿಸುತ್ತ ಆಚೆ ದಡ ಸೇರಿದ್ದು ಕಿಟಕಿಯಿಂದ ಕಂಡಿತು. ಸ್ವಲ್ಪ ಹೊತ್ತಿಗೆ ಆಲೆಮನೆಯ ಸೂರಿನಿಂದ ಬಿಳಿಯ ಹಬೆ ಏಳತೊಡಗಿತು. ನಾನು ಸುತ್ತಿಗೆ ಕುಟ್ಟಿ, ನಾಯಿಗಳ ವಿಷಯ ಕೈಗೆತ್ತಿಕೊಂಡೆ.